ನನ್ನ ಅಣ್ಣನನ್ನೂ ದಯವಿಟ್ಟು ಹೊರಗೆ ಹಾಕಿ

ಬ್ರಾಸ್ ಲ್ಯಾಂಟರ್ನ್ ಬಾಜಿ ಕಂಪನಿಯ ಗ್ರಾಹಕ ಪರಿಶೀಲನಾ ವಿಭಾಗದ ಮುಖ್ಯಸ್ಥರ ಸನ್ನಿಧಾನಕ್ಕೆ,

ಮಾನ್ಯರೇ,

ಯಾರ್ಕ್‌ಷೈರಿನ ಆಲ್ಡರ್‌ಬಿ ಊರಿನ ಬಿಸ್ಕತ್ತು ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ತೂಕ ಪರೀಕ್ಷಕನಾಗಿ ದುಡಿಯುತ್ತಿರುವ ನೆವಿಲ್ ಆಕ್ರಾಯ್ಡ್ ಎಂಬ ನಾನು, ತಮಗೂ, ತಮ್ಮ ವಿಭಾಗದ ಸಮಸ್ತ ಸಿಬ್ಬಂದಿಗೂ, ಹಗಲಿರುಳೆನ್ನದೆ ನಮ್ಮಂಥವರ ಮೇಲೆ ಕಣ್ಣಿಟ್ಟಿರುವ ತಮ್ಮ ಕಂಪ್ಯೂಟರಿಗೂ ಆಯುರಾರೋಗ್ಯವನ್ನು ಹಾರೈಸಿ, ಮೊದಲಿಗೆ ಒಂದು ಹಳೆಯ ಉಪಕಾರಕ್ಕೆ ಕೃತಜ್ಞತೆಯನ್ನೂ ಅದರ ಬೆನ್ನಿಗೇ ಒಂದು ಸಣ್ಣ ಬೇಡಿಕೆಯನ್ನೂ ಸಲ್ಲಿಸಲು ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ನಾಲ್ಕು ಜನ ಓದಲಿ ಎಂದು ನಮ್ಮೂರಿನ ಪತ್ರಿಕೆಗೂ ಒಂದು ಪ್ರತಿ ಕಳಿಸಿರುವುದನ್ನು ತಾವು ಉದ್ಧಟತನವೆಂದು ತಿಳಿಯಬಾರದು.

ಹೋದ ಅಕ್ಟೋಬರಿನಲ್ಲಿ ತಾವು ನನಗೆ ಮಾಡಿದ ಸನ್ಮಾನ ತಮಗೆ ನೆನಪಿದೆಯೋ ಇಲ್ಲವೋ. ನಾನು ತಮ್ಮಲ್ಲಿ ಖಾತೆ ತೆರೆದು ಹನ್ನೊಂದೇ ದಿನವಾಗಿತ್ತು. ಹನ್ನೆರಡನೆಯ ದಿನ ಬೆಳಿಗ್ಗೆ ಚಹಾ ಕುಡಿಯುತ್ತಾ ಒಂದು ಟೆನಿಸ್ ಪಂದ್ಯಕ್ಕೆ ಐವತ್ತು ಪೌಂಡ್ ಕಟ್ಟಲು ಹೋದರೆ, ತಮ್ಮ ಯಂತ್ರವು ಬಹಳ ವಿನಯದಿಂದ, ಇನ್ನು ಮುಂದೆ ತಾವು ಕಟ್ಟಬಹುದಾದ ಗರಿಷ್ಠ ಮೊತ್ತ ಮೂವತ್ತೇಳು ಪೆನ್ಸ್ ಎಂದು ತಿಳಿಸಿತು. ಮೂವತ್ತೇಳು ಪೆನ್ಸಿಗೆ ನಮ್ಮ ಕಾರ್ಖಾನೆಯ ಒಡೆದ ಬಿಸ್ಕತ್ತಿನ ಪೊಟ್ಟಣವೂ ಬರುವುದಿಲ್ಲ. ಆದರೂ ನನಗೆ ಹೆಮ್ಮೆಯಾಯಿತು, ಏಕೆಂದರೆ ಇಷ್ಟು ವರ್ಷ ಒಂದೇ ಸೂರಿನಡಿ ದುಡಿದ ನಮ್ಮ ಮ್ಯಾನೇಜರಿಗೂ ಗೊತ್ತಾಗದ ನನ್ನ ಯೋಗ್ಯತೆಯನ್ನು ತಾವು ಹನ್ನೊಂದು ದಿನದಲ್ಲಿ ಕಂಡುಹಿಡಿದಿರಿ.

ಪತ್ರಿಕೆಯ ಓದುಗರಲ್ಲಿ ಈ ಕಸುಬು ತಿಳಿಯದವರೂ ಇರಬಹುದಾದ್ದರಿಂದ ಎರಡು ಮಾತು ಹೇಳಿಬಿಡುತ್ತೇನೆ. ಒಂದು ಪಂದ್ಯದಲ್ಲಿ ಯಾರು ಗೆಲ್ಲುತ್ತಾರೆಂಬ ಬಗ್ಗೆ ಎರಡು ಬಾಜಿ ಕಂಪನಿಗಳಿಗೆ ಭಿನ್ನಾಭಿಪ್ರಾಯ ಬಂದಾಗ, ಒಬ್ಬ ಆಟಗಾರನ ಮೇಲೆ ತಮ್ಮಲ್ಲಿ ಐವತ್ತು ಪೌಂಡ್, ಎದುರಾಳಿಯ ಮೇಲೆ ಪಕ್ಕದ ಕಂಪನಿಯಲ್ಲಿ ಐವತ್ತು ಪೌಂಡ್ ಕಟ್ಟಿದರೆ, ಯಾರೇ ಗೆದ್ದರೂ ಒಂದು ಕಡೆಯಿಂದ ನೂರ ಎರಡು ಪೌಂಡ್ ಕೈಗೆ ಬರುವ ಗಳಿಗೆಯೊಂದು ಒಮ್ಮೊಮ್ಮೆ ಒದಗುತ್ತದೆ. ಆ ಎರಡು ಪೌಂಡೇ ನಮ್ಮ ಸಂಪಾದನೆ. ಇದರಲ್ಲಿ ಅದೃಷ್ಟವಿಲ್ಲ, ಜೂಜಿಲ್ಲ, ಎದೆ ಡವಗುಟ್ಟುವುದಿಲ್ಲ, ನಿಜ ಹೇಳಬೇಕೆಂದರೆ ಆಟವೂ ಇಲ್ಲ.

ಇದಕ್ಕೆ ಬೇಕಾದ ಗುಣಗಳನ್ನು ನಾನು ಕಷ್ಟಪಟ್ಟು ಬೆಳೆಸಿಕೊಂಡೆ. ಗೆದ್ದವನಿಗೆ ಎಷ್ಟು ಸಿಗುತ್ತದೆಂಬ ದರ ಬದಲಾಗುವುದನ್ನೇ ಮೂರು ಗಂಟೆ ರೆಪ್ಪೆ ಮಿಟುಕಿಸದೆ ನೋಡುತ್ತಾ ಕೂರುವ ತಾಳ್ಮೆ, ಬದಲಾದೊಡನೆ ಇಪ್ಪತ್ತು ಸೆಕೆಂಡಿನೊಳಗೆ ಎರಡೂ ಕಡೆ ಹಣ ಕಟ್ಟಿ ಮುಗಿಸುವ ಚುರುಕು, ಎರಡು ಪೌಂಡ್ ಸಿಕ್ಕಾಗ ಇಪ್ಪತ್ತಕ್ಕೆ ಬಾಯಿ ಬಿಡದ ಸಂಯಮ, ಪಬ್ಬಿನಲ್ಲಿ ಬಾಯಿ ಮುಚ್ಚಿಕೊಂಡಿರುವ ಬುದ್ಧಿ, ಇವೆಲ್ಲ ತೂಕದ ಕೆಲಸ ಮಾಡುವವನಿಗೆ ಅಷ್ಟು ಕಷ್ಟವಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಯಾವ ತಂಡದ ಮೇಲೂ ಪ್ರೀತಿ ಇಲ್ಲದಿರುವುದು. ಅದನ್ನೂ ಸಾಧಿಸಿದೆ. ಹೋದ ವರ್ಷ ನಮ್ಮ ಆಲ್ಡರ್‌ಬಿ ಫುಟ್‌ಬಾಲ್ ತಂಡ ಕೊನೆಯ ನಿಮಿಷದಲ್ಲಿ ಗೋಲು ಹೊಡೆದಾಗ ಅಣ್ಣ ರೇಮಂಡ್ ನನ್ನನ್ನು ತಬ್ಬಿಕೊಂಡು ಕುಣಿಯುತ್ತಿದ್ದರೆ, ನಾನು ಅವನ ಹೆಗಲ ಮೇಲಿಂದ ಫೋನಿನಲ್ಲಿ ದರ ನೋಡುತ್ತಿದ್ದೆ. ಇಂಥ ಸಾಧನೆಯನ್ನು ಯಾರ ಹತ್ತಿರ ಹೇಳಿಕೊಳ್ಳಲಿ ಎಂದು ಬಹಳ ಯೋಚಿಸಿ ಕೊನೆಗೆ ತಮಗೆ ಹೇಳಿಕೊಳ್ಳುತ್ತಿದ್ದೇನೆ.

ಕೆಟ್ಟದ್ದು ಒಂದೇ ಗುಣ, ಅದು ನನ್ನ ಕಸುಬಿನ ಚಾಳಿ. ಲೆಕ್ಕ ಎರಡೂ ಕಡೆ ಸರಿತೂಗಬೇಕೆಂದು ನಾನು ಮೊದಲ ವಾರವೆಲ್ಲ ನಲವತ್ತೆಂಟು ಪೌಂಡ್ ಎಪ್ಪತ್ತಮೂರು ಪೆನ್ಸ್, ಐವತ್ತೊಂದು ಪೌಂಡ್ ಹದಿನಾರು ಪೆನ್ಸ್ ಎಂದು ಬಿಡಿಬಿಡಿಯಾಗಿ ಕಟ್ಟಿದೆ. ಬುದ್ಧಿ ಬಂದು ಐವತ್ತಕ್ಕೆ ತಿರುಗುವಷ್ಟರಲ್ಲಿ ಕಾಲ ಮಿಂಚಿತ್ತು. ತಂಡದ ಮೇಲಿನ ಪ್ರೀತಿಯಿಂದ ಬಾಜಿ ಕಟ್ಟುವವನು ಎಂದಾದರೂ ಎಪ್ಪತ್ತಮೂರು ಪೆನ್ಸಿನ ತನಕ ಪ್ರೀತಿಸುತ್ತಾನೆಯೇ? ತಮ್ಮ ಯಂತ್ರ ಅಲ್ಲೇ ನನ್ನನ್ನು ಹಿಡಿಯಿತು. ತಪ್ಪು ನನ್ನದೇ, ದೂರಿಲ್ಲ.

ನನ್ನ ದೂರು ಬೇರೆಯದು. ನನ್ನನ್ನು ಹನ್ನೊಂದು ದಿನದಲ್ಲಿ ಗುರುತಿಸಿದ ಅದೇ ಕಣ್ಣಿಗೆ ನನ್ನ ಅಣ್ಣ ಆರು ವರ್ಷವಾದರೂ ಕಾಣಲಿಲ್ಲವಲ್ಲ ಎಂಬುದು.

ರೇಮಂಡ್ ನಮ್ಮೂರಿನ ಒಂಬತ್ತನೇ ನಂಬರ್ ಬಸ್ಸಿನ ಚಾಲಕ. ಚಿಕ್ಕಂದಿನಲ್ಲಿ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಪಂದ್ಯಕ್ಕೆ ಕರೆದೊಯ್ದವನು. ಅವನಲ್ಲಿ ನಾನು ಮೇಲೆ ಹೇಳಿದ ಒಂದು ಗುಣವೂ ಇಲ್ಲ. ಪ್ರತಿ ಶನಿವಾರ ಆಲ್ಡರ್‌ಬಿಯ ಮೇಲೆ ಕಟ್ಟುತ್ತಾನೆ, ಆಲ್ಡರ್‌ಬಿ ಸೋಲುತ್ತದೆ, ಅದನ್ನು ವಾಪಸು ಪಡೆಯಲು ಭಾನುವಾರ ಯಾವುದೋ ದೇಶದ ಹ್ಯಾಂಡ್‌ಬಾಲ್ ಪಂದ್ಯಕ್ಕೆ ಕಟ್ಟುತ್ತಾನೆ. ಅವನಿಗೆ ತಾವು ಕೊಟ್ಟಿರುವ ಮರ್ಯಾದೆ ಯಾವ ಅಳಿಯನಿಗೂ ಸಿಗಲಿಕ್ಕಿಲ್ಲ. ಹುಟ್ಟುಹಬ್ಬಕ್ಕೆ ಹಣ್ಣು, ಚೀಸ್, ವೈನ್ ತುಂಬಿದ ಬುಟ್ಟಿ, ಕ್ರಿಸ್‌ಮಸ್ಸಿಗೆ ಉಣ್ಣೆಯ ಶಾಲು, ಇದಲ್ಲದೆ ಅವನೊಬ್ಬನ ಯೋಗಕ್ಷೇಮಕ್ಕೆಂದೇ ತಮ್ಮ ಕಚೇರಿಯ ಕರ್ಸ್ಟಿ ಎಂಬ ಹೆಣ್ಣುಮಗಳು. ಒಂದು ಶನಿವಾರ ಅವನು ಆಡದಿದ್ದರೆ ಆಕೆ ಫೋನ್ ಮಾಡಿ ಮೈಗೆ ಹುಷಾರಿಲ್ಲವೇ ಎಂದು ವಿಚಾರಿಸುತ್ತಾಳೆ. ನಮ್ಮ ಊರಿನ ಡಾಕ್ಟರಿಗೆ ನಾವೇ ಫೋನ್ ಮಾಡಿದರೂ ಎತ್ತುವವರಿಲ್ಲ.

ಜನವರಿಯಲ್ಲಿ ಅತ್ತಿಗೆ ಮೌರೀನ್ ನನ್ನ ಮನೆಗೆ ಬಂದಳು. ಮನೆಯ ಮೇಲೆ ಎರಡನೇ ಸಾಲ ತೆಗೆದಿರುವ ಕಾಗದ ಅಣ್ಣನ ಡ್ರೈವರ್ ಕೋಟಿನ ಒಳಜೇಬಿನಲ್ಲಿ ಸಿಕ್ಕಿತ್ತು. "ಹತ್ತು ಸಾವಿರದೊಳಗೇ ಹೋಗಿರೋದು ಅಂತ ಆಣೆ ಇಡ್ತಾನೆ ನೆವಿಲ್. ಈಸ್ಟರ್ ತನಕ ನೋಡ್ತೀನಿ. ಆಮೇಲೆ ವಿಟ್ಬಿಯಲ್ಲಿ ನಮ್ಮಕ್ಕನ ಮನೆ ಇದೆ, ನಾನು ಹೊರಟೆ" ಎಂದಳು. ಅತ್ತಿಗೆ ಅತ್ತಿದ್ದರೆ ನಾನು ಇಷ್ಟು ಹೆದರುತ್ತಿರಲಿಲ್ಲ. ಅವಳು ಬಸ್ಸಿನ ವೇಳಾಪಟ್ಟಿ ಹೇಳುವವಳಂತೆ ಹೇಳಿದಳು.

ತಮ್ಮ ಕಂಪನಿಯಿಂದ ಸ್ವಂತ ಇಚ್ಛೆಯಿಂದ ಹೊರಬೀಳಲು ಒಂದು ಅರ್ಜಿ ಇದೆಯೆಂದು ನನಗೆ ಗೊತ್ತು. ಆದರೆ ಅದನ್ನು ಅವರವರೇ ತುಂಬಬೇಕು. ರೇಮಂಡನಿಗೆ ತೋರಿಸಿದರೆ, "ಅದು ಚಟ ಇರೋರಿಗೆ ಕಣೋ, ನಂದು ತಂಡದ ಅಭಿಮಾನ" ಎಂದುಬಿಟ್ಟ. ಆಗ ನನಗೆ ಹೊಳೆದದ್ದು ಇದು: ಅಣ್ಣ ತಾನಾಗಿ ಹೊರಗೆ ಬಾರದಿದ್ದರೆ ತಾವಾಗಿ ಅವನನ್ನು ಹೊರಗೆ ಹಾಕುವಂತೆ ಮಾಡಬೇಕು. ತಾವು ಹೊರಗೆ ಹಾಕುವುದು ಗೆಲ್ಲುವವರನ್ನು ಮಾತ್ರ. ಆದ್ದರಿಂದ ಅವನಿಗೆ ಗೆಲ್ಲುವ ಗುಣಗಳನ್ನು ಕಲಿಸಬೇಕು.

ನಾಲ್ಕು ಭಾನುವಾರ ಪಾಠ ಹೇಳಿದೆ. ಗುಣಾಕಾರ ಭಾಗಾಕಾರ ಎಲ್ಲ ಬಂತು. ಫೆಬ್ರವರಿಯಲ್ಲಿ ಮೊದಲ ಪ್ರಯೋಗಕ್ಕೆ ಒದಗಿದ್ದು, ನನ್ನ ಗ್ರಹಚಾರಕ್ಕೆ, ಆಲ್ಡರ್‌ಬಿ ಮತ್ತು ಪಕ್ಕದೂರು ಕ್ರಾಸ್ಲಿಯ ಕಪ್ ಪಂದ್ಯ. ಯಾರಾದರೊಬ್ಬರು ಮುಂದಿನ ಸುತ್ತಿಗೆ ಹೋಗಲೇಬೇಕು, ದರ ಎರಡೂ ಕಡೆ ಚಿನ್ನದಂತಿತ್ತು. ಅರ್ಧ ಆಲ್ಡರ್‌ಬಿಯ ಮೇಲೆ ಇಲ್ಲಿ, ಅರ್ಧ ಕ್ರಾಸ್ಲಿಯ ಮೇಲೆ ಅಲ್ಲಿ ಎಂದು ಹೇಳಿ ಚಹಾಕ್ಕೆ ನೀರಿಡಲು ಅಡುಗೆಮನೆಗೆ ಹೋದೆ. ಬಂದು ನೋಡಿದರೆ ಪೂರ್ತಿ ಹಣ ಆಲ್ಡರ್‌ಬಿಯ ಮೇಲೆ ಬಿದ್ದಿದೆ. "ಕ್ರಾಸ್ಲಿ ಗೆಲ್ಲಲಿ ಅಂತ ನಾನು ದುಡ್ಡು ಕಟ್ಟಬೇಕಾ? ಅಪ್ಪ ಗೋರಿಯಿಂದ ಎದ್ದು ಬಂದು ಕಪಾಳಕ್ಕೆ ಬಾರಿಸ್ತಾನೆ" ಎಂದ. ಇದು ನಮ್ಮ ಊರಿನವರು ಮಾತ್ರ ಮಾಡಬಲ್ಲ ತಪ್ಪು, ಬೈಯಲು ನನಗೆ ಬಾಯಿ ಬರಲಿಲ್ಲ. ಕ್ರಾಸ್ಲಿ ಮೂರು ಗೋಲು ಹೊಡೆಯಿತು. ಮರುದಿನವೇ ಕರ್ಸ್ಟಿ ಸಮಾಧಾನದ ಸಂದೇಶ ಕಳಿಸಿದಳು.

ಕಲಿಸಿದ್ದು ಸಾಕೆಂದು, ಒಂದು ತಿಂಗಳು ನಿನ್ನ ಖಾತೆಯನ್ನು ನಾನು ನಡೆಸುತ್ತೇನೆ, ಲಾಭವೆಲ್ಲ ನಿನ್ನದೇ ಎಂದು ಪುಸಲಾಯಿಸಿದೆ. ನನ್ನ ಉದ್ದೇಶ ಲಾಭವಲ್ಲವೆಂಬುದನ್ನು ಹೇಳಲಿಲ್ಲ. ಒಬ್ಬರ ಖಾತೆಯನ್ನು ಇನ್ನೊಬ್ಬರು ನಡೆಸುವುದು ತಮ್ಮ ನಿಯಮಾವಳಿಗೆ ವಿರುದ್ಧವಾದ್ದರಿಂದ ಇದನ್ನು ನನ್ನ ತಪ್ಪೊಪ್ಪಿಗೆಯೆಂದೂ ಸ್ವೀಕರಿಸಬೇಕು. ನಾನು ಬೇಕೆಂತಲೇ ಪೆನ್ಸ್ ಸಮೇತ ಬಿಡಿಬಿಡಿ ಮೊತ್ತಗಳನ್ನು ಕಟ್ಟಿದೆ, ಯಾರೂ ಕೇಳರಿಯದ ಟೇಬಲ್ ಟೆನಿಸ್ ಪಂದ್ಯಗಳನ್ನೇ ಆರಿಸಿದೆ, ಕಳ್ಳನೊಬ್ಬ ಪೊಲೀಸ್ ಠಾಣೆಯ ಮುಂದೆ ಗಂಟೆ ಬಾರಿಸಿದಂತೆ ನಡೆದುಕೊಂಡೆ. ಆದರೂ ನನಗೆ ಹನ್ನೊಂದು ದಿನ ಕೊಟ್ಟಿದ್ದ ತಮ್ಮ ಯಂತ್ರ ಅವನಿಗೆ ಹತ್ತೊಂಬತ್ತು ದಿನ ಕೊಟ್ಟಿತು. ಹಳೆಯ ಸೋಲುಗಳ ಪುಣ್ಯ ಎಂಟು ದಿನ ಅವನನ್ನು ಕಾಪಾಡಿತು. ಇಪ್ಪತ್ತನೆಯ ದಿನ, ಈಸ್ಟರಿಗೆ ಇನ್ನು ಎರಡೇ ವಾರವಿದ್ದ ಭಾನುವಾರ ಬೆಳಿಗ್ಗೆ, ರೇಮಂಡ್ ಆಕ್ರಾಯ್ಡ್ ಇನ್ನು ಮುಂದೆ ಒಂದು ಪೌಂಡ್ ಹನ್ನೆರಡು ಪೆನ್ಸಿಗಿಂತ ಹೆಚ್ಚು ಕಟ್ಟುವಂತಿಲ್ಲವೆಂಬ ಸಂದೇಶ ಬಂತು. ನಾನು ಕಣ್ಣೊರೆಸಿಕೊಂಡೆ. ನನ್ನ ಜೀವಮಾನದ ಗೆಲುವು ಅದೊಂದೇ.

ಮಧ್ಯಾಹ್ನ ಅವರ ಮನೆಯಲ್ಲಿ ಊಟ. ಮೌರೀನ್ ಹುರಿದ ಮಾಂಸ, ಯಾರ್ಕ್‌ಷೈರ್ ಪುಡ್ಡಿಂಗ್ ಬಡಿಸುತ್ತಿದ್ದಳು. ರೇಮಂಡ್ ತಟ್ಟೆ ಮುಟ್ಟಲಿಲ್ಲ. ಮುಖ ಕೆಂಪಗಾಗಿತ್ತು. ಅವಮಾನ ತಡೆಯಲಾರದೆ ಅಲ್ಲೇ ಕರ್ಸ್ಟಿಗೆ ಫೋನ್ ಮಾಡಿ, ತನ್ನ ಮಾನ ಮರಳಿ ಬರುವುದನ್ನು ನಾವಿಬ್ಬರೂ ಕೇಳಲೆಂದು ಧ್ವನಿ ಜೋರು ಮಾಡಿ ಮೇಜಿನ ಮೇಲೆ ಗ್ರೇವಿಯ ಪಕ್ಕದಲ್ಲಿಟ್ಟ.

"ನಾನೇನು ಮೋಸಗಾರನಾ ಕರ್ಸ್ಟಿ? ಆರು ವರ್ಷದಿಂದ ನಿಮ್ಮತ್ರ ಆಡ್ತಿದೀನಿ, ಒಂದು ತಿಂಗಳಾದ್ರೂ ಗೆದ್ದಿದೀನಾ ಹೇಳು? ಈ ಮನೆಹಾಳು ಗೆಲುವೆಲ್ಲ ನನ್ನ ತಮ್ಮಂದು, ಆ ಬಿಸ್ಕತ್ತು ತೂಗೋನ್ದು!"

"ಅಯ್ಯೋ ರೇಮಂಡ್, ಚಿನ್ನಾ, ಬೇಜಾರ್ ಮಾಡ್ಕೋಬೇಡಿ" ಎಂದಳು ಆಕೆ. ಭಾನುವಾರವೂ ದುಡಿಯುವ ಆ ಹುಡುಗಿಯ ಧ್ವನಿ ನಿಜಕ್ಕೂ ಜೇನು. "ನಿಮ್ಮ ಮೇಲೆ ಯಾರಿಗೆ ಅನುಮಾನ ಬರುತ್ತೆ? ನಿಮ್ಮ ಲೆಕ್ಕ ನನ್ನ ಮುಂದೇನೇ ಇದೆ. ಆರು ವರ್ಷ ಎರಡು ತಿಂಗಳಲ್ಲಿ ನಲವತ್ತೊಂದು ಸಾವಿರದ ಆರುನೂರ ಹದಿನೆಂಟು ಪೌಂಡ್ ನಮ್ಮಲ್ಲಿ ಬಿಟ್ಟಿದೀರಿ. ಇಂಥೋರನ್ನ ನಾವು ಕಳ್ಕೊಳ್ತೀವಾ?"

ಮೌರೀನ್ ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಇಟ್ಟಳು. ಫೋನಿನ ಹತ್ತಿರ ಬಗ್ಗಿ, "ಇನ್ನೊಂದ್ಸಲ ಹೇಳಮ್ಮ" ಎಂದಳು. ಕರ್ಸ್ಟಿ ಬಹಳ ಸೌಜನ್ಯದಿಂದ ಇನ್ನೊಂದು ಸಲ ಹೇಳಿದಳು. ಈ ಸಲ ನಲವತ್ತು ಪೆನ್ಸನ್ನೂ ಸೇರಿಸಿದಳು.

ನಾನು ಅತ್ತಿಗೆಯನ್ನು ನೋಡಲಿಲ್ಲ, ಅಣ್ಣನನ್ನು ನೋಡಿದೆ. ಅವನು ಹತ್ತು ಸಾವಿರವೆಂದು ಆಣೆ ಇಟ್ಟದ್ದು ಸುಳ್ಳಲ್ಲವೆಂದು ಆಗ ಗೊತ್ತಾಯಿತು. ಅವನು ಅದನ್ನೇ ನಂಬಿದ್ದ. ಲೆಕ್ಕ ಬರೆದಿಡುವುದು ನಮ್ಮ ಕಸುಬಿನ ಗುಣ, ಅವನದಲ್ಲ. ಐವತ್ತೆಂಟು ವರ್ಷದ ಆ ಮನುಷ್ಯ ತನ್ನ ಪುಡ್ಡಿಂಗನ್ನೇ ನೋಡುತ್ತಾ ಕುಳಿತಿದ್ದುದನ್ನು ಕಂಡು ನನಗೆ ಬಹಳ ದುಃಖವಾಯಿತು, ಮಾನ್ಯರೇ. ನಾಲ್ಕೇ ನಿಮಿಷದಲ್ಲಿ ಅವನ ನಿರ್ಬಂಧ ತೆಗೆದು ಹಾಕಿರುವ ಸಂದೇಶ ಬಂತು, ಜೊತೆಗೆ ಕ್ಷಮೆಯಾಚನೆ. ಐದನೇ ನಿಮಿಷಕ್ಕೆ ನನ್ನ ಖಾತೆ ಶಾಶ್ವತವಾಗಿ ಮುಚ್ಚಿರುವ ಸಂದೇಶವೂ ಬಂತು. ಇಷ್ಟು ಚುರುಕು ನಮ್ಮ ಕಾರ್ಖಾನೆಯ ಯಾವ ವಿಭಾಗದಲ್ಲೂ ಇಲ್ಲ.

ಹೀಗಿರುವಲ್ಲಿ ನನ್ನ ಬೇಡಿಕೆ ಇಷ್ಟೇ. ನನ್ನಂಥ ಗೆಲ್ಲುವವನಿಗೆ ದಯಪಾಲಿಸಿದ ಮೂವತ್ತೇಳು ಪೆನ್ಸಿನ ಮರ್ಯಾದೆಯನ್ನು ಸೋಲುವ ನನ್ನ ಅಣ್ಣನಿಗೂ ದಯಪಾಲಿಸಬೇಕು. ಅದು ತಮ್ಮ ಕಂಪನಿಯ ಸಂಪ್ರದಾಯಕ್ಕೆ ವಿರುದ್ಧವೆನಿಸಿದರೆ, ಕರ್ಸ್ಟಿಯವರು ಆ ಭಾನುವಾರ ಮಾಡಿದ ಸೇವೆಯನ್ನಾದರೂ ದೇಶದಾದ್ಯಂತ ವಿಸ್ತರಿಸಬೇಕು: ಪ್ರತಿ ಭಾನುವಾರ ಮಧ್ಯಾಹ್ನ ಊಟದ ಹೊತ್ತಿಗೆ, ತಮ್ಮ ಪ್ರತಿಯೊಬ್ಬ ಗೌರವಾನ್ವಿತ ಗ್ರಾಹಕರ ಮನೆಗೂ ಫೋನ್ ಮಾಡಿ, ಮೇಜಿನ ಸುತ್ತ ಎಲ್ಲರೂ ಕುಳಿತಿರುವಾಗ, ಅದೇ ಜೇನಿನ ಧ್ವನಿಯಲ್ಲಿ ಒಟ್ಟು ಮೊತ್ತವನ್ನು ಎರಡು ಸಲ ಓದಿ ಹೇಳಬೇಕು. ಇದಕ್ಕೆ ತಗಲುವ ಫೋನಿನ ಖರ್ಚನ್ನು ಹಣ್ಣಿನ ಬುಟ್ಟಿಯ ಖರ್ಚಿನಲ್ಲಿ ಸರಿದೂಗಿಸಬಹುದು.

ತಮ್ಮ ಸಂಸ್ಥೆಯ ಸ್ಮರಣಶಕ್ತಿಗೆ ಸದಾ ತಲೆಬಾಗುವ,
ತಮ್ಮ ವಿಶ್ವಾಸಿ,
ನೆವಿಲ್ ಆಕ್ರಾಯ್ಡ್
(ತಮ್ಮ ಮಾಜಿ ಗ್ರಾಹಕ)

ಮರೆತಿದ್ದು: ಮೊನ್ನೆ ಸೋಮವಾರ ರೇಮಂಡ್ ಬಸ್ ಡಿಪೋದ ಕ್ಯಾಂಟೀನಿನಲ್ಲಿ ಕುಳಿತು ಆ ಅರ್ಜಿಯನ್ನು ತಾನೇ ತುಂಬಿ ಐದು ವರ್ಷಕ್ಕೆ ಹೊರಬಿದ್ದಿದ್ದಾನೆ. ಬಿಟ್ಟುಹೋಗಲು ಕಾರಣವೇನೆಂದು ಕೇಳುವಲ್ಲಿ ತಾವು ಕೊಟ್ಟಿರುವ ಆಯ್ಕೆಗಳು ಸಮಯದ ಅಭಾವ, ಬೇರೆ ಹವ್ಯಾಸ, ಆಪ್ ಇಷ್ಟವಾಗಲಿಲ್ಲ, ಇತರೆ. ಅವನು ಇತರೆ ಎಂಬಲ್ಲಿ "ಮೌರೀನ್ ಇನ್ನೂ ವಿಟ್ಬಿಗೆ ಹೋಗಿಲ್ಲ" ಎಂದು ಬರೆದಿದ್ದಾನೆ. ತಮ್ಮ ಯಂತ್ರಕ್ಕೆ ಅದು ಅರ್ಥವಾಗದೆ, ಮರುದಿನವೇ ಇಪ್ಪತ್ತು ಪೌಂಡಿನ ಉಚಿತ ಬಾಜಿಯೊಂದಿಗೆ ಮರಳಿ ಬಾ ಎಂದು ಕರೆದಿದೆ. ಸಂದೇಶ ಬಂದಾಗ ಫೋನು ಮೌರೀನಳ ಏಪ್ರನ್ನಿನ ಜೇಬಿನಲ್ಲಿತ್ತು. ಉಚಿತ ಬಾಜಿ ಬೇಡವಂತೆ. ಅದರ ಬದಲು ಕರ್ಸ್ಟಿ ಓದಿ ಹೇಳಿದ ಆ ಒಟ್ಟು ಮೊತ್ತವನ್ನು ನಲವತ್ತು ಪೆನ್ಸ್ ಸಮೇತ ಕಂಪನಿಯ ಕಾಗದದ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ಅವನ ಕಣ್ಣೆದುರಿನ ಗೋಡೆಗೆ ಅಂಟಿಸಲು ಶುಕ್ರವಾರದೊಳಗೆ ಕಳಿಸಬೇಕೆಂದು ಕೋರಿದ್ದಾಳೆ. ಶನಿವಾರ ಆಲ್ಡರ್‌ಬಿಯ ಪಂದ್ಯವಿದೆ, ಅವಳಿಗೆ ಅಂದು ಮಧ್ಯಾಹ್ನ ಅಂಗಡಿಯಲ್ಲಿ ಕೆಲಸ, ಅಣ್ಣ ಮನೆಯಲ್ಲಿ ಒಬ್ಬನೇ ಇರುತ್ತಾನೆ.