ವಿಷ್ಣುಪ್ರಸಾದರ ‘ಹೆಡ್’ ಪಾಠ

ಶಾಲೆಯಲ್ಲಿ ಮಕ್ಕಳು ಕಡಿಮೆಯಾದರೆ ಮೇಷ್ಟರು ಹೆಚ್ಚಾಗುತ್ತಾರೆ. ಇದು ಶಿಕ್ಷಣ ಇಲಾಖೆಯ ಗಣಿತ. ಮಾದಾಪುರದ ಆಚೆ, ಕಾಫಿ ತೋಟಗಳ ನಡುವಿನ ಒಂದು ಶಾಲೆಯಲ್ಲಿ ಇಂಗ್ಲಿಷಿಗೆ ಇಬ್ಬರಿದ್ದರು: ವಿಷ್ಣುಪ್ರಸಾದ್ ಮತ್ತು ಕಾತ್ಯಾಯನಿ ಮೇಡಂ. ಒಬ್ಬರು ಉಳಿಯಬೇಕು, ಇನ್ನೊಬ್ಬರು ಜಿಲ್ಲೆಯ ಆ ತುದಿಯ ಬಾಳೆಲೆಗೆ ಹೋಗಬೇಕು. ಅಧಿಕಾರಿ ನಾಗೇಶ್ವರ ಖುದ್ದಾಗಿ ಬಂದು, ಇಬ್ಬರ ಪಾಠವನ್ನೂ ನೋಡಿ ತೀರ್ಮಾನಿಸುವುದೆಂದಾಯಿತು. ಪಾಠ ಇಬ್ಬರಿಗೂ ಒಂದೇ: ‘ಹೆಡ್’ ಎಂಬ ಪದ, ಅದರ ಅರ್ಥ, ಬಳಕೆ.

ವಿಷ್ಣುಪ್ರಸಾದ್‌ಗೆ ಬಾಳೆಲೆಯ ಮೇಲೆ ಕೋಪವೇನೂ ಇರಲಿಲ್ಲ. ಆದರೆ ಹೆಂಡತಿ ಮಾಳವಿಕಾಗೆ ಮಾದಾಪುರದ ಅಂಚೆ ಕಚೇರಿಯಲ್ಲಿ ಕೆಲಸ. ಮಗಳು ತನ್ಮಯೀ ಅಂಗನವಾಡಿಗೆ ಅಳದೆ ಹೋಗಲು ಈಗಷ್ಟೇ ಕಲಿತಿದ್ದಳು.

“ಅಲ್ಲಿಗೆ ಹೋದ್ರೆ ನೀವು ಭಾನುವಾರದ ನೆಂಟರಾಗ್ತೀರಿ ಅಷ್ಟೇ,” ಎಂದಳು ಮಾಳವಿಕಾ, ಬೆಳಿಗ್ಗೆ ಕಾಫಿ ಕೊಡುತ್ತಾ.

“ಹೋದ್ರೆ ತಾನೇ? ಇವತ್ತು ಎಂಥಾ ಪಾಠ ಮಾಡ್ತೀನಿ ನೋಡ್ತಿರು. ಏನೇ ಆಗ್ಲಿ, ನಾನು ಇಲ್ಲಿಂದ ಕದಲಲ್ಲ!”

ಈ ಘೋಷಣೆ ಬೇಲಿಯಾಚೆ ಪಕ್ಕದ ಮನೆಯ ಮೊಣ್ಣಪ್ಪನಿಗೂ ಕೇಳಿಸಿತು. ಮೊಣ್ಣಪ್ಪ ತೋಟವೊಂದರ ರೈಟರು. ದಿನಾ ಬೆಳಿಗ್ಗೆ ಆಳುಗಳ ಹಾಜರಿ ಹಾಕುವವನು.

“ಸಾರ್, ಬೋರ್ಡಲ್ಲಿ ಬರುದ್ರೆ ಯಾರ್ ನೋಡ್ತಾರೆ? ನಮ್ ತೋಟದಲ್ಲಿ ಬೆಳಗಾದ್ರೆ ಹೆಡ್‌ಲೋಡು, ಹೆಡ್‌ಕೌಂಟು. ನಿಜವಾದ್ದನ್ನೇ ತಂದು ತೋರ್ಸಣ. ನಾನಿದೀನಿ, ನೀವ್ ಧೈರ್ಯವಾಗಿರಿ.”

ಮೊಣ್ಣಪ್ಪ ‘ನಾನಿದೀನಿ’ ಅಂದಾಗಲೇ ಧೈರ್ಯ ಕಳೆದುಕೊಳ್ಳಬೇಕಿತ್ತು. ವಿಷ್ಣುಪ್ರಸಾದ್ ಒಪ್ಪಿಬಿಟ್ಟರು.

ಮೊದಲ ಪಾಠ ಕಾತ್ಯಾಯನಿ ಮೇಡಂ ಅವರದು. ಹೆಡ್ ಎಂದರೆ ತಲೆ ಎಂದು ಬರೆದರು. ಕೆಳಗೆ ಐದು ಪದ ಬರೆದರು. ಮಕ್ಕಳಿಂದ ಮೂರು ಮೂರು ಸಲ ಹೇಳಿಸಿ, ಕೈ ಝಾಡಿಸಿ ಹೊರಗೆ ಹೋದರು. ನಾಗೇಶ್ವರ ಕರ್ಚೀಫಿನ ಮರೆಯಲ್ಲಿ ಆಕಳಿಸಿದ್ದನ್ನು ನೋಡಿ ವಿಷ್ಣುಪ್ರಸಾದ್‌ಗೆ ಅರ್ಧ ಗೆದ್ದಷ್ಟು ಖುಷಿಯಾಯಿತು.

ವಿಷ್ಣುಪ್ರಸಾದರ ಪಾಠ ಹೆಡ್‌ಲೈಟಿನಿಂದ ಶುರುವಾಯಿತು. ಮೊಣ್ಣಪ್ಪ ತೋಟದ ಜೀಪನ್ನು ತರಗತಿಯ ಬಾಗಿಲಿಗೇ ತಂದು ನಿಲ್ಲಿಸಿ ದೀಪ ಹಾಕಿದ. ಅಧಿಕಾರಿಗಳು ಕಣ್ಣುಜ್ಜಿಕೊಳ್ಳುತ್ತಿರುವಾಗಲೇ ಆಳು ಜಯಪ್ಪ ಕಾಫಿ ಹಣ್ಣಿನ ಮೂಟೆಯನ್ನು ತಲೆಯ ಮೇಲೆ ಹೊತ್ತು ಒಳಗೆ ನುಗ್ಗಿದ. ಬಾಗಿಲು ಗಿಡ್ಡ. ಮೂಟೆ ಸಿಕ್ಕಿ ಹರಿದು, ಕೆಂಪು ಹಣ್ಣುಗಳೆಲ್ಲ ನಾಗೇಶ್ವರರ ಬೂಟಿನ ಸುತ್ತ ಉರುಳಾಡಿದವು.

“ಮಕ್ಕಳೇ, ಇದು ಹೆಡ್‌ಲೋಡ್!” ಎಂದರು ವಿಷ್ಣುಪ್ರಸಾದ್, ಏನೂ ಆಗದವರ ಹಾಗೆ.

ನಂತರ ಬಿಸಿಯೂಟದ ಹೆಡ್ ಕುಕ್ ಸುಲೋಚನಮ್ಮ ಸೌಟು ಹಿಡಿದು ಬಂದರು. “ಬೇಗ ತೋರ್ಸಿ ಕಳ್ಸಿ ಮೇಷ್ಟ್ರೇ, ಒಲೆ ಮೇಲೆ ಅನ್ನ ಅದೆ.”

ಕಳಿಸುವುದರೊಳಗೆ ಮೊಣ್ಣಪ್ಪ ಹಾಜರಿ ಪುಸ್ತಕ ತೆಗೆದಿದ್ದ. “ಹೆಡ್‌ಕೌಂಟ್! ಎಲ್ಲಾ ಸಾಲಾಗಿ ನಿಂತ್ಕಳಿ!”

ತೋಟದಲ್ಲೊಂದು ಪದ್ಧತಿ. ರೈಟರು ಎಣಿಸಲು ಶುರುಮಾಡಿದ ಮೇಲೆ ತಲೆಗಳ ಲೆಕ್ಕ ತಾಳೆಯಾಗುವವರೆಗೆ ಯಾರೂ ಸಾಲು ಬಿಡುವಂತಿಲ್ಲ. ಆಳುಗಳ ಲೈನ್‌ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಇದು ಹುಟ್ಟಿನಿಂದಲೇ ಗೊತ್ತು, ಗೋಡೆಗಂಟಿ ನಿಂತರು. ಮೊಣ್ಣಪ್ಪ ಅಧಿಕಾರಿಗಳ ತೋಳು ಹಿಡಿದು ಜಯಪ್ಪನ ಪಕ್ಕದಲ್ಲಿ ನಿಲ್ಲಿಸಿದ.

ಮೊದಲ ಸಲ ನಲವತ್ತೊಂದು ಬಂತು. ಎರಡನೇ ಸಲ ನಲವತ್ತೆರಡು. ಮೂರನೇ ಸಲ ಮತ್ತೆ ನಲವತ್ತೊಂದು.

“ಸಾಕು ಬಿಡಿ ಮೊಣ್ಣಪ್ಪ,” ಎಂದು ವಿಷ್ಣುಪ್ರಸಾದ್ ಪಿಸುಗುಟ್ಟಿದರು.

“ಸಾಕು ಅಂದ್ರೆ? ಇಪ್ಪತ್ತೆರಡ್ ವರ್ಷದಲ್ಲಿ ನನ್ ಕೌಂಟು ಒಂದಿನ ತಪ್ಪಿಲ್ಲ!”

ನಾಗೇಶ್ವರರ ಫೋನು ಬಡಿದುಕೊಂಡಿತು. “ಸಾಲಲ್ಲಿ ಫೋನ್ ತೆಗಿಯಂಗಿಲ್ಲ!” ಎಂದು ಮೊಣ್ಣಪ್ಪ ಗದರಿದ. ಅವರು ಫೋನನ್ನು ಜೇಬಿಗಿಳಿಸಿದರು. ಅಡುಗೆಮನೆಯಿಂದ ಸೀದ ವಾಸನೆ ಬಂತು. “ಅಯ್ಯೋ, ನನ್ನ ಅನ್ನ!” ಎಂದು ಸುಲೋಚನಮ್ಮ ಒಂದು ಹೆಜ್ಜೆ ಇಟ್ಟರು. “ಅಲ್ಲಾಡ್ಬ್ಯಾಡಿ!” ಎಂದ ಮೊಣ್ಣಪ್ಪ. ಕೊನೆಗೆ, ಬಾಗಿಲಲ್ಲಿ ಇಣುಕಿ ಇಣುಕಿ ಮರೆಯಾಗುತ್ತಿದ್ದ ಕಾತ್ಯಾಯನಿ ಮೇಡಂ ಸಿಕ್ಕಿಬಿದ್ದರು. ಅವರನ್ನೂ ಸಾಲಿಗೆ ಎಳೆದ ಮೇಲೆ ಲೆಕ್ಕ ಕೂಡಿಬಂತು. ಅಷ್ಟರಲ್ಲಿ ಅನ್ನ ಇದ್ದಿಲಾಗಿತ್ತು.

ವಿಷ್ಣುಪ್ರಸಾದ್‌ಗೆ ಅಳು ಬರುವಂತಾಯಿತು. ಆದರೂ ಬಿಡಲಿಲ್ಲ; ಹಲ್ಲು ಕಚ್ಚಿ ಮಕ್ಕಳನ್ನು ಪ್ರಶ್ನಿಸಿದರು. ಒಂದೊಂದು ಪದಕ್ಕೂ ಮೂವತ್ತು ಕೈ ಮೇಲೆದ್ದವು. ಮೂರನೇ ತರಗತಿಯ ಅಶ್ವಿತಾ ಎದ್ದು, “ಹೆಡ್‌ಕೌಂಟ್ ಅಂದ್ರೆ ಆಫೀಸರನ್ನೂ ಅಲ್ಲಾಡಕ್ಕೆ ಬಿಡ್ಬಾರ್ದು ಸಾರ್,” ಎಂದಳು.

ನಾಗೇಶ್ವರ ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು. “ನನ್ನ ಸರ್ವೀಸಲ್ಲಿ ಇಂಥ ಪಾಠ ನೋಡಿಲ್ಲ ರೀ! ಈ ಮಕ್ಕಳು ಜನ್ಮದಲ್ಲಿ ಮರೆಯಲ್ಲ. ನಿಮ್ಮೆದುರು ಆ ಮೇಡಂ ಪಾಠ ಏನೂ ಅಲ್ಲ.”

ವಿಷ್ಣುಪ್ರಸಾದ್ ಮೇಜಿನ ಕೆಳಗೇ ಮಾಳವಿಕಾಗೆ ‘ಗೆದ್ದೆ’ ಎಂದು ಮೆಸೇಜ್ ಕಳಿಸಿದರು.

“ಬಾಳೆಲೆಯವರು ಒಳ್ಳೇ ಇಂಗ್ಲಿಷ್ ಮೇಷ್ಟ್ರು ಕೊಡಿ ಅಂತ ಒಂದು ವರ್ಷದಿಂದ ನನ್ನ ಪ್ರಾಣ ತಿಂತಿದಾರೆ,” ಎನ್ನುತ್ತಾ ನಾಗೇಶ್ವರ ಪೆನ್ನು ತೆಗೆದರು. “ಆ ಮೇಡಮ್ಮನ್ನ ಕಳಿಸಿದ್ರೆ ನನಗೆ ಘೇರಾವ್ ಹಾಕ್ತಾರೆ. ಸೋಮವಾರ ನೀವು ಹೋಗಿ ಜಾಯಿನ್ ಆಗಿಬಿಡಿ.”

ವಿಷ್ಣುಪ್ರಸಾದ್ ‘ಗೆದ್ದೆ’ ಎಂಬ ಮೆಸೇಜನ್ನು ಅಳಿಸಲು ಫೋನು ತೆಗೆದರು. ಮೊಣ್ಣಪ್ಪ ಓಡಿಬಂದು ಅವರ ಕೈ ಕುಲುಕಿದ.

“ಹೆದ್ರಬ್ಯಾಡಿ ಸಾರ್, ಬಾಳೆಲೆಲೂ ನನ್ ಭಾವ ರೈಟರಾಗಿದಾನೆ. ಪಾಠಕ್ಕೆ ಎಷ್ಟ್ ಜನ ಬೇಕೋ ಹೇಳಿ, ಈಗ್ಲೇ ಫೋನ್ ಮಾಡ್ತೀನಿ.”