ಮುಗಿದರೆ ಏನು ಮಾಡುತ್ತಿ?

ನಮ್ಮ ಮಾವ ಕತಾರಿನಲ್ಲಿ ಸಾವಿರಾರು ತೋಟಗಳ ಒಡೆಯರು ಎಂದರೆ ನೀವು ನಂಬಲಿಕ್ಕಿಲ್ಲ. ಒಗೆದು ಹಾಕಿದ ಲುಂಗಿ ಹತ್ತು ನಿಮಿಷಕ್ಕೆ ಹಪ್ಪಳವಾಗುವ ದೇಶದಲ್ಲಿ ಎಲ್ಲಿಯ ತೋಟ ಎಂದು ನಗುತ್ತೀರಿ. ನಗಿ, ಪರವಾಗಿಲ್ಲ. ನಕ್ಕಾದ ಮೇಲೆ ಕೊನೆಯ ಅಕ್ಷರಕ್ಕೆ ಒಂದು ದೀರ್ಘ ಕೊಟ್ಟು ಓದಿಕೊಳ್ಳಿ. ತೋಟಾ. ಕೋವಿಯ ತೋಟಾ. ಅದೂ ಹಾರಿಸಿ ಮುಗಿದ, ಹೊಟ್ಟೆಯೊಳಗೆ ಗಾಳಿ ಬಿಟ್ಟರೆ ಬೇರೇನೂ ಇಲ್ಲದ ಖಾಲಿ ತೋಟಾ!

ಸುಳ್ಯದ ಕಡೆಯ ಈ ಮಾವ ನನ್ನ ಅಮ್ಮನ ತಮ್ಮ. ದೋಹಾದಲ್ಲಿ ಒಬ್ಬ ಮುದುಕ ಅರಬಿಯ ತೋಟದಮನೆ ಮತ್ತು ಕೋವಿಗಳನ್ನು ನೋಡಿಕೊಳ್ಳುವುದು ಅವರ ಕೆಲಸ. ಧಣಿಯನ್ನು ಅವರು ಅರಬಾಬ್ ಎಂದು ಕರೆಯುತ್ತಿದ್ದರು. ಅರಬಾಬನಿಗೆ ಇದ್ದದ್ದು ಒಂದೇ ಚಟ. ಶುಕ್ರವಾರ ಬೆಳಿಗ್ಗೆ ಮರುಭೂಮಿಗೆ ಹೋಗಿ, ಯಂತ್ರ ಆಕಾಶಕ್ಕೆ ಎಸೆಯುವ ಮಣ್ಣಿನ ಬಿಲ್ಲೆಗಳಿಗೆ ಗುಂಡು ಹೊಡೆಯುವುದು. ಕುವೈತಿನ ಗಲಾಟೆ ಶುರುವಾದಾಗ ಹಡಗು ನಿಂತವು, ಅಂಗಡಿಯಲ್ಲಿ ತೋಟಾ ನಿಂತವು. ಅಂಗಡಿಯವನು ಕೈ ಅಲ್ಲಾಡಿಸಿ 'ಮಾಫಿ' ಎಂದುಬಿಟ್ಟ. ಇಲ್ಲ ಎಂದರೆ ಇಲ್ಲ. ಅರಬಾಬ್ ಮೂರು ಶುಕ್ರವಾರ ಮಜ್ಲಿಸಿನ, ಅಂದರೆ ಅತಿಥಿಗಳ ಕೋಣೆಯ, ಮೂಲೆಯಲ್ಲಿ ಜಪಮಣಿ ಹಿಡಿದು ಕೂತರಂತೆ, ಬಿರಿಯಾನಿಯ ಕಡೆಗೂ ನೋಡದೆ.

ನಾಲ್ಕನೆಯ ಶುಕ್ರವಾರ ಮಾವ ಮರಳಿನಿಂದ ಖಾಲಿ ತೋಟಾಗಳನ್ನು ಹೆಕ್ಕಿ ತಂದರು. ಊರಿನಲ್ಲಿ ಹಂದಿ ಓಡಿಸಲು ಖಾಲಿ ತೋಟಾಗಳನ್ನು ಮತ್ತೆ ತುಂಬಿಸುತ್ತಿದ್ದ ಕೈ ಅದು. ಅರಬಾಬನ ಉಗ್ರಾಣದಲ್ಲಿ ಅಳಿದುಳಿದಿದ್ದ ಕೇಪು, ಮದ್ದು, ಸೀಸದ ಕಾಳುಗಳಾದ ಚರೆ ಸೇರಿಸಿ ಇಪ್ಪತ್ತೈದು ತೋಟಾ ಸಿದ್ಧ ಮಾಡಿದರು. ಮುದುಕ ಮಾವನನ್ನು ಅಪ್ಪಿಕೊಂಡು ಎರಡೂ ಕೆನ್ನೆಗೆ ಮುತ್ತು ಕೊಟ್ಟರಂತೆ. ಮಾವನಿಗೆ ಅಂದಿನಿಂದ ಲೋಕದ ಯಾವ ಅಂಗಡಿಯ ಮೇಲೂ ನಂಬಿಕೆ ಉಳಿಯಲಿಲ್ಲ.

ಯುದ್ಧ ಮುಗಿದು, ಹಡಗು ಬಂದು, ಅಂಗಡಿ ತುಂಬಿ ತುಳುಕಿದರೂ ಮಾವನ ಸಂಗ್ರಹ ನಿಲ್ಲಲಿಲ್ಲ. ಯಾಕೆ ಮಾವ ಎಂದು ಕೇಳಿದರೆ ಒಂದೇ ಉತ್ತರ: "ಮುಗಿದರೆ ಏನು ಮಾಡುತ್ತಿ?" ಈ ಮಾತನ್ನು ನಾನು ಮಾವನಂತೆಯೇ ಮೂಗಿನಲ್ಲಿ ಅರ್ಧ, ಬಾಯಲ್ಲಿ ಅರ್ಧ ಹೇಳಿ ದೋಹಾದ ಬಿನ್ ಒಮ್ರಾನ್ ಬಡಾವಣೆಯ ಎಷ್ಟು ಕೋಣೆಗಳಲ್ಲಿ ಪುಕ್ಕಟೆ ಊಟ ಸಂಪಾದಿಸಿದ್ದೇನೆ ಎಂದರೆ, ಕಲೆಗೆ ಬೆಲೆ ಇಲ್ಲ ಎನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ.

ಕೆಲಸ ಹುಡುಕಿಕೊಂಡು ಹೋದ ನಾನು ಇಳಿದದ್ದು ಬಿನ್ ಒಮ್ರಾನಿನ ಮಾವನ ಮನೆಯಲ್ಲೇ. ಎರಡು ಕೋಣೆ. ಒಂದರಲ್ಲಿ ಮಾವ, ಇನ್ನೊಂದರಲ್ಲಿ ಸಾಮಾನು, ಸಾಮಾನಿನ ಸಂದಿಯಲ್ಲಿ ನಾನು. ಬೆಂಕಿ ಹತ್ತುವುದೆಲ್ಲ ಅರಬಾಬನ ಬೀಗದೊಳಗೆ, ಹತ್ತದ್ದೆಲ್ಲ ನನ್ನ ಮಂಚದ ಕೆಳಗೆ. ಹಾಲಿನಪುಡಿಯ ಡಬ್ಬಿಗಳಲ್ಲಿ ಚರೆ, ಅಕ್ಕಿಚೀಲಗಳಲ್ಲಿ ಖಾಲಿ ತೋಟಾ. ತೋಟಾದ ಬಾಯಿಗೆ ಮುಚ್ಚುವ ರಟ್ಟಿನ ಬಿಲ್ಲೆಗೆ ಮದುವೆ ಕಾಗದವೇ ಶ್ರೇಷ್ಠ ಎಂಬುದು ಮಾವನ ಸಂಶೋಧನೆ. ಊರಿಂದ ಬಂದ ಒಂದು ಕರೆಯೋಲೆಯನ್ನೂ ಅವರು ಬಿಡುತ್ತಿರಲಿಲ್ಲ. ನನ್ನ ಗೆಳೆಯನೊಬ್ಬನ ಮದುವೆ ಮುಹೂರ್ತಕ್ಕೆ ಎರಡು ವಾರ ಮೊದಲೇ ಕತಾರಿನ ಮರುಭೂಮಿಯಲ್ಲಿ ಸಿಡಿದು ಹೋಗಿತ್ತು.

ಮೊದಲ ವಾರ ಮಾವನನ್ನು ಮೆಚ್ಚಿಸಲು ನಾನು ಸಾಂಬಾರಿಗೆ ಒಗ್ಗರಣೆ ಹಾಕಿದೆ. ಎಣ್ಣೆ ಕಾದು ಹೊಗೆ ಬಂದರೂ ಸಾಸಿವೆ ಚಟಪಟ ಎನ್ನಲಿಲ್ಲ. ಇನ್ನೊಂದು ಹಿಡಿ ಹಾಕಿದೆ. ಆಗಲೂ ಮೌನ. ಸಾಸಿವೆಯೆಂದು ಡಬ್ಬಿಯಿಂದ ತೆಗೆದು ಹಾಕಿದ ಸೀಸದ ಚರೆ ಎಲ್ಲಾದರೂ ಸಿಡಿಯುತ್ತದೆಯೇ? ಮಾವ ಬಂದು ನೋಡಿ, ನನ್ನನ್ನು ಒಂದು ಮಾತೂ ಬೈಯದೆ ಸಾಂಬಾರು ಚೆಲ್ಲಿ, ಚರೆಯನ್ನು ಮಾತ್ರ ಸೋಪಿನಲ್ಲಿ ತೊಳೆದು ಬಿಸಿಲಿಗೆ ಒಣಗಿಸಿ ಡಬ್ಬಿಗೆ ಹಾಕಿಟ್ಟರು.

ಈಗ ಅತ್ತೆಯ ವಿಷಯಕ್ಕೆ ಬರಬೇಕು. ಮಾವ ಆರು ವರ್ಷದಿಂದ ಅವರನ್ನು ದೋಹಾಕ್ಕೆ ಕರೆಯುತ್ತಿದ್ದರು. ಅಜ್ಜಿ, ಅಂದರೆ ಮಾವನ ಅಮ್ಮ, ಸೊಸೆಯನ್ನು ಬಿಡುತ್ತಿರಲಿಲ್ಲ. ತಿಂಗಳಿಗೊಂದು ಕಾಗದದಲ್ಲೇ ಸಂಸಾರ. ಆ ಯುದ್ಧದ ವರ್ಷ ಮಾವ ಒಂದು ಕಾಗದದಲ್ಲಿ ಬರೆದಿದ್ದರು: 'ಮದ್ದು ಮುಗಿಯುತ್ತಾ ಬಂತು. ಇಲ್ಲಿ ಎಲ್ಲಿಯೂ ಸಿಗುವುದಿಲ್ಲ.' ಬರೆದದ್ದು ಕೋವಿಯ ಮದ್ದಿನ ಬಗ್ಗೆ. ಆದರೆ ನಮ್ಮ ಕಡೆ ಕೋವಿಗೂ ಮದ್ದೇ, ಕೆಮ್ಮಿಗೂ ಮದ್ದೇ! ಗಂಡ ಯಾವುದೋ ಕಾಯಿಲೆ ಮುಚ್ಚಿಡುತ್ತಿದ್ದಾನೆ ಎಂದು ಅತ್ತೆ ಗಾಬರಿಯಾಗಿ ಕಷಾಯದ ಪುಡಿ ಕಳಿಸಿದರು. ಊರಿಂದ ಬರುವವರ ಕೈಯಲ್ಲೆಲ್ಲ ಒಂದೊಂದು ಪೊಟ್ಟಣ. ಕಾಗದ ವಾರಕ್ಕೊಂದಾಯಿತು. ಮಾವ ಏನು ಉತ್ತರ ಬರೆದರೋ ನನಗೆ ಗೊತ್ತಿಲ್ಲ. ತಪ್ಪನ್ನು ತಿದ್ದಲಿಲ್ಲ ಎಂಬುದಷ್ಟೇ ಗೊತ್ತು.

ಆ ತಪ್ಪಿಗೆ ಕೈಕಾಲು ಮೂಡಿಸಿದವನು ನಾನು. ಒಂದು ಸಂಜೆ ಗೆಳೆಯರೆದುರು ಪ್ರತಾಪ ತೋರಿಸಲು ರಸ್ತೆಬದಿಯ ಫೋನಿನಿಂದ ಊರಿಗೆ ಕರೆ ಮಾಡಿ, ಮಾವನ ಸ್ವರದಲ್ಲಿ ಎರಡು ಸಲ ಕೆಮ್ಮಿ, "ಮದ್ದು ಪೂರಾ ಮುಗಿಯಿತು ಮಾರಾಯ್ತಿ" ಎಂದೆ. ಆ ಕಡೆಯಿಂದ ಅತ್ತೆ "ಸರಿ, ನಾನು ಬರ್ತೇನೆ. ವೀಸಾ ಮಾಡಿಸಿ" ಎಂದು ಫೋನ್ ಇಟ್ಟರು. ಗೆಳೆಯರು ಬಿದ್ದು ಬಿದ್ದು ನಕ್ಕರು. ನಾನು ಬಿದ್ದೆ, ನಗಲಿಲ್ಲ.

ಮಾವನ ಮುಂದೆ ತಪ್ಪೊಪ್ಪಿಕೊಂಡು ಏಟಿಗೆ ಕಾದು ನಿಂತೆ. ಅವರು ಬಾಗಿಲು ಹಾಕಿ ಬಂದು ಅಂದರು: "ಕೆಮ್ಮು ಕಲಿಸು."

ಸತ್ಯ ತಿಳಿದರೆ ಅತ್ತೆ ಮುಂದಿನ ವಿಮಾನಕ್ಕೇ ವಾಪಸು ಹೋಗುತ್ತಾರೆ ಎಂಬುದು ಮಾವನ ಹೆದರಿಕೆ. ಅಷ್ಟು ವರ್ಷ ಕಾದು ಸಿಕ್ಕಿದ್ದು ಒಂದು ತಿಂಗಳ ವಿಸಿಟ್ ವೀಸಾ. ಅದೂ ಮುಗಿದರೆ? ಹತ್ತು ದಿನ ನಾನು ಗುರು, ಅವರು ಶಿಷ್ಯ. ಒಣಕೆಮ್ಮು, ಕಫದ ಕೆಮ್ಮು, ಮೆಟ್ಟಿಲು ಹತ್ತಿದ ಮೇಲಿನ ಕೆಮ್ಮು. ದಡ್ಡ ಶಿಷ್ಯ. ಅವರು ಕೆಮ್ಮಿದರೆ ಆಡು ಸೀನಿದಂತಿತ್ತು.

ವಿಮಾನ ನಿಲ್ದಾಣದಲ್ಲಿ ಅತ್ತೆ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. ಹೊಟ್ಟೆ ಮಾವನಿಗಿಂತ ಒಂದು ಹೆಜ್ಜೆ ಮುಂದೆ ನಿಂತಿತ್ತು. "ಇದೆಂತ, ಬಾವು ಬಂದದ್ದಾ?" ಎಂದರು. ಮಾವ ಕೆಮ್ಮಿದರು.

ಮೂರನೆಯ ದಿನ ಅತ್ತೆ ಸೀರೆ ಇಡಲು ಜಾಗ ಹುಡುಕುತ್ತಾ ಕಪಾಟು ತೆರೆದರು. ಮೇಲಿನ ಹಲಗೆಗಳಲ್ಲಿ, ನನ್ನ ಒಗ್ಗರಣೆಯ ನಂತರ ಮಂಚದ ಕೆಳಗಿನಿಂದ ಏರಿಸಿ ಚೀಟಿ ಅಂಟಿಸಿದ ಡಬ್ಬಿಗಳು: ಚರೆ, ಸಣ್ಣ ಚರೆ, ಬಿಲ್ಲೆ. ಕೆಳಗಿನ ಹಲಗೆಯಲ್ಲಿ ಅವರೇ ಕಳಿಸಿದ ಪೊಟ್ಟಣಗಳು, ಅವರೇ ಕಟ್ಟಿದ ದಾರ ಬಿಚ್ಚದೆ, ಸಾಲಾಗಿ. ಒಂದೊಂದಕ್ಕೂ ಅದೇ ಅಕ್ಷರದ ಚೀಟಿ: ಮದ್ದು. ಕೆಳಗೆ ಬಂದ ತಿಂಗಳು, ವರ್ಷ.

"ಒಂದನ್ನೂ ಕುಡಿಯಲಿಲ್ಲವಾ?"

ಮಾವ ಚೀಟಿಗಳನ್ನೇ ನೋಡುತ್ತಾ ಎಲ್ಲ ಹೇಳಿದರು. ಕಾಯಿಲೆ ಇಲ್ಲ, ಇರಲೂ ಇಲ್ಲ, ಬರೆದದ್ದು ಕೋವಿಯ ಮದ್ದು.

"ಮತ್ತೆ ಇದನ್ನೆಲ್ಲ ಯಾಕೆ ಇಟ್ಟುಕೊಂಡದ್ದು? ಬಿಸಾಡಬಹುದಿತ್ತಲ್ಲ."

"ನೀನು ಕಳಿಸುವುದು ನಿಲ್ಲಿಸಿಬಿಟ್ಟರೆ ಅಂತ," ಎಂದ ಮಾವ ಅಭ್ಯಾಸದಂತೆ ಕೆಮ್ಮಿದರು.

"ಸಾಕು. ಅದು ಅಳಿಯನ ಕೆಮ್ಮು," ಎಂದರು ಅತ್ತೆ. "ಫೋನಿನಲ್ಲೇ ನನಗೆ ಗೊತ್ತಾಗಿತ್ತು. ನೀವು ಊರಿಗೆಲ್ಲ ಮಾರಾಯ್ತಿ ಅಂದರೂ ನನ್ನನ್ನು ಯಾವತ್ತು ಹಾಗೆ ಕರೆದದ್ದು?"

ಬಾಗಿಲ ಬಳಿ ನಿಂತಿದ್ದ ಮಹಾಕಲಾವಿದನ ಮುಖ ಆಗ ಹೇಗಿತ್ತೋ, ನೋಡಿದವರಿಲ್ಲ. ಅವರಿಬ್ಬರೂ ನನ್ನ ಕಡೆ ನೋಡುತ್ತಿರಲಿಲ್ಲ.

"ಗೊತ್ತಿದ್ದೂ ಬಂದೆಯಾ?" ಮಾವನ ಸ್ವರ ನಾನು ಅದುವರೆಗೆ ಕೇಳದ ಸ್ವರ.

"ನಿಮ್ಮ ಅಮ್ಮನಿಗೆ ಹೇಳಲಿಕ್ಕೆ ನನಗೂ ಒಂದು ಕಾರಣ ಬೇಕಿತ್ತಲ್ಲ," ಎಂದ ಅವರು ಸೀರೆಯ ಪೆಟ್ಟಿಗೆಯನ್ನು ಕಪಾಟಿನ ಹತ್ತಿರ ಎಳೆದುಕೊಂಡರು. "ಆ ಸಣ್ಣ ಚರೆಯ ಡಬ್ಬಿ ಖಾಲಿ ಮಾಡಿ ಕೊಡಿ. ಸಾಸಿವೆ ಹಾಕಿಡಬೇಕು."

ಯುದ್ಧಕ್ಕೂ ಅಂಗಡಿಗೂ ಬಿಟ್ಟುಕೊಡದ ಡಬ್ಬಿಯನ್ನು ಮಾವ ಮೇಲಿನ ಹಲಗೆಯಿಂದ ಇಳಿಸಿದರು. ಚರೆಯನ್ನು ನನ್ನ ಬೊಗಸೆಗೆ ಸುರಿದು, ಡಬ್ಬಿಯನ್ನು ಲುಂಗಿಯ ತುದಿಯಿಂದ ಒರೆಸಿ, ಚೀಟಿ ಕಿತ್ತು, ಅತ್ತೆಯ ಕೈಗೆ ಕೊಟ್ಟರು. ಕೊಟ್ಟು, ಇನ್ನೊಂದನ್ನೂ ಇಳಿಸಲು ಕೈ ಮೇಲೆತ್ತಿದರು.