ಗಂಟಲು ಕಟ್ಟಿದ ದುಭಾಷಿ

ಹಿಂದಿನ ಸಂಜೆ ನದಿಯ ಗಾಳಿಗೆ ಕಿವಿ ಮುಚ್ಚಿಕೊಳ್ಳದೆ ಓಡಾಡಿದ್ದೇ ತಪ್ಪಾಯಿತು. ಬೆಳಿಗ್ಗೆ ಎದ್ದು ಹೆಂಡತಿಯನ್ನು ಕೂಗಲು ಬಾಯಿ ತೆರೆದರೆ, ತುಕ್ಕು ಹಿಡಿದ ಗೇಟು ಸರಿಸಿದಂತೆ ಕಿರ್ರೆಂಬ ಸದ್ದೊಂದು ಹೊರಟಿತು, ಅಷ್ಟೆ. ದುಭಾಷಿಗಳ ಗಂಟಲು ಪೂರ್ತಿ ಕಟ್ಟಿಹೋಗಿತ್ತು.

ಬೇರೆ ದಿನವಾಗಿದ್ದರೆ ರಜೆ ಹಾಕಿ ಹೊದ್ದು ಮಲಗಬಹುದಿತ್ತು. ಅವರ ದೇಶ ದೊಡ್ಡದು. ಸುತ್ತ ಒಂಬತ್ತು ದೇಶಗಳು, ಒಂಬತ್ತರ ಜೊತೆಗೂ ಒಂದಲ್ಲ ಒಂದು ತಕರಾರು. ಇವರ ಊರಿನ ಪಾಲಿಗೆ ಬಂದದ್ದು ನದಿಯಾಚೆಯ ದೇಶ. ತಿಂಗಳಿಗೊಮ್ಮೆ ಸೇತುವೆಯ ನಡುವಿನ ತಗಡಿನ ಕೋಣೆಯಲ್ಲಿ ಈ ಕಡೆಯ ಮೇಜರ್ ಮತ್ತು ಆ ಕಡೆಯ ಕಮಾಂಡರ್ ಎದುರುಬದುರು ಕೂರುತ್ತಿದ್ದರು. ಅಧಿಕಾರಿಗಳು ತಂತಮ್ಮ ಭಾಷೆಯನ್ನು ಬಿಟ್ಟು ಬೇರೆ ಮಾತಾಡಕೂಡದೆಂದು ಎರಡೂ ಸರಕಾರಗಳ ಕಟ್ಟಪ್ಪಣೆ. ಆದ್ದರಿಂದ ನಡುವೆ ದುಭಾಷಿಗಳು. ಇಪ್ಪತ್ತೊಂದು ವರ್ಷದಿಂದ ಎರಡೂ ಕಡೆಗೆ ಇವರೊಬ್ಬರೇ.

ಇವತ್ತಿನ ಸಭೆ ಈ ಊರಿನ ಏಳು ಜನ ದೋಣಿಯವರ ಬಿಡುಗಡೆಗಾಗಿ. ಮಂಜಿನಲ್ಲಿ ದಿಕ್ಕು ತಪ್ಪಿ ಆಚೆ ದಡ ಸೇರಿದವರನ್ನು ಹಿಡಿದು ಕೂಡಿಹಾಕಿ ಹದಿನೆಂಟು ದಿನವಾಗಿತ್ತು. ಅವರಲ್ಲಿ ಒಬ್ಬ ದುಭಾಷಿಗಳ ಬಾಮೈದ.

"ಇದೇ ದಿನ ಬೇಕಾಗಿತ್ತೇನ್ರೀ ನಿಮ್ಮ ಗಂಟಲಿಗೆ?" ಎಂದಳು ಹೆಂಡತಿ. ಕಣ್ಣು ತುಂಬಿಕೊಂಡಿತ್ತು. "ನನ್ನ ತಮ್ಮನ ಪರವಾಗಿ ಇನ್ಯಾರು ಮಾತಾಡ್ತಾರೆ?"

ಸುದ್ದಿ ಗೋಡೆ ದಾಟಲು ಹೊತ್ತು ಹಿಡಿಯಲಿಲ್ಲ. ಪಕ್ಕದ ಮನೆಯ ನಿವೃತ್ತ ಕಾಂಪೌಂಡರ್ ಕೈಯಲ್ಲಿ ಟಾರ್ಚ್ ಹಿಡಿದು ಬಂದ. "ಆ ಅನ್ನಿ. ಇನ್ನೂ ಜೋರಾಗಿ ಅನ್ನಿ!" ಎಂದು ಹತ್ತು ಸಲ ಅನ್ನಿಸಿದ. ಮಹಡಿಯ ಟೈಲರ್ ಬಿಸಿ ಉಪ್ಪುನೀರು ಮುಕ್ಕಳಿಸಬೇಕೆಂದ. ಎದುರುಮನೆಯ ಅಜ್ಜಿ, ಉಪ್ಪಿನ ಮೇಲೆ ಮೆಣಸು ಬೀಳದೆ ಪ್ರಯೋಜನವಿಲ್ಲವೆಂದು ಒಂದು ಹಿಡಿ ಅಗಿಸಿದಳು. ಎಲ್ಲ ಮುಗಿಯುವ ಹೊತ್ತಿಗೆ ಉಳಿದಿದ್ದ ಕಿರ್ ಸದ್ದೂ ಹೋಯಿತು.

ಕಚೇರಿಯಲ್ಲಿ ಹೆಡ್ ಕ್ಲರ್ಕ್ ತಲೆ ಮೇಲೆ ಕೈ ಹೊತ್ತುಕೊಂಡ. ಆಮೇಲೆ ಏನೋ ಹೊಳೆದು, "ನಾನೇ ಬರ್ತೀನಿ ಬಿಡಿ. ರೇಡಿಯೋದಲ್ಲಿ ಅವರ ಹಾಡು ಕೇಳಿ ಕೇಳಿ ನಂಗೂ ಸುಮಾರಾಗಿ ಬರುತ್ತೆ," ಎಂದ. ಅವನಿಗೆ ಬರುತ್ತಿದ್ದ ಎರಡು ಸಾಲುಗಳ ಅರ್ಥ 'ನಿನ್ನ ಕಣ್ಣಿಗೆ ನಾನು ಸೋತೆ' ಮತ್ತು 'ಬಾ ಹತ್ತಿರ ಬಾ'. ದುಭಾಷಿಗಳು ಕೈ ಮುಗಿದು ಅವನನ್ನು ಅಲ್ಲೇ ಕೂರಿಸಿದರು. ಕೊನೆಗೆ, ಮಾತಿನ ಬದಲು ಬರೆದು ತೋರಿಸುವುದೆಂದು ತೀರ್ಮಾನವಾಯಿತು. ಸಭೆಯ ಕಾಗದವಾದ್ದರಿಂದ ಹಾಳೆಗಳಿಗೆ ಮೊಹರು ಒತ್ತಿ ಕ್ರಮಸಂಖ್ಯೆ ಹಾಕಿಕೊಟ್ಟರು.

ಆ ಸಂಖ್ಯೆಗಳನ್ನು ದುಭಾಷಿಗಳು ಮತ್ತೆ ಮತ್ತೆ ನೋಡಿದರು. ಯಾರಿಗೂ ಹೇಳದ ಗುಟ್ಟೊಂದು ಅವರಲ್ಲಿತ್ತು. ಇಪ್ಪತ್ತೊಂದು ವರ್ಷದಲ್ಲಿ ಅವರು ಒಂದು ಬೈಗುಳವನ್ನೂ ಇದ್ದಂತೆ ದಾಟಿಸಿದವರಲ್ಲ. ಆ ಕಡೆಯವರು 'ನಿಮ್ಮ ಮೂತಿಗಿಷ್ಟು' ಎಂದರೆ ಇವರು 'ಅವರಿಗೆ ತುಸು ಬೇಸರವಾಗಿದೆ' ಎನ್ನುತ್ತಿದ್ದರು. ಈ ಕಡೆಯವರು 'ಸೇತುವೆಯಿಂದ ಕೆಳಗೆ ನೂಕ್ತೀನಿ' ಎಂದರೆ 'ಮತ್ತೊಮ್ಮೆ ಯೋಚಿಸಬೇಕಾಗಿ ಕೋರಿಕೆ' ಆಗುತ್ತಿತ್ತು. ಬಾಯಿಮಾತು ಗಾಳಿಯಲ್ಲಿ ಹೋಗುತ್ತಿತ್ತು. ಬರೆದದ್ದು ಫೈಲಿನಲ್ಲಿ ಕೂರುತ್ತದೆ. ತಪ್ಪು ಅನುವಾದಕ್ಕೆ ಜೈಲು.

ಹನ್ನೊಂದಕ್ಕೆ ಸಭೆ ಶುರುವಾಯಿತು. ಕಮಾಂಡರ್ ಮೇಜು ಗುದ್ದಿಯೇ ಮಾತು ತೆಗೆದ. "ಈ ಕಳ್ಳರನ್ನ ಕೊಳೆಯೋವರೆಗೂ ಬಿಡಲ್ಲ ಅಂತ ಬರಿ! ತನ್ನ ಜನ ಎಲ್ಲಿ ಹೋಗ್ತಾರೆ ಅಂತ ಗೊತ್ತಿಲ್ಲ, ಇವನೊಬ್ಬ ಗಡಿ ಕಾಯೋನು!"

ದುಭಾಷಿಗಳು ಪೆನ್ನು ಹಿಡಿದರು. ಇದ್ದದ್ದನ್ನು ಬರೆದರೆ ಮೇಜರ್ ಕುರ್ಚಿ ಒದ್ದು ಎದ್ದುಹೋಗುವುದು ಖಂಡಿತ. ದೋಣಿಯವರಿಗೆ ಇನ್ನೊಂದು ತಿಂಗಳು ಕತ್ತಲೆಕೋಣೆಯೇ ಗತಿ. ಬೆಳಿಗ್ಗೆ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡದ್ದು ಕಣ್ಮುಂದೆ ಬಂತು. ಇಷ್ಟು ವರ್ಷ ಮಾತನ್ನು ಮೆತ್ತಗೆ ಮಾಡಿದ್ದರೇ ಹೊರತು ತಿರುಗಿಸಿರಲಿಲ್ಲ. ಇವತ್ತು ತಿರುಗಿಸಿದರು. ಅಕ್ಷರಗಳು ದುಂಡಗೇ ಬಂದವು: 'ದೋಣಿಯವರು ಮಂಜಿನಲ್ಲಿ ದಾರಿ ತಪ್ಪಿದರೆಂದು ನಮಗೆ ಮನವರಿಕೆಯಾಗಿದೆ. ಇಂದೇ ಕಳಿಸಿಕೊಡುತ್ತೇವೆ.'

ಮೇಜರ್ ಹಾಳೆ ತೆಗೆದುಕೊಂಡು ಓದಿದರು. ಮತ್ತೊಮ್ಮೆ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಆಚೆಯ ಭಾಷೆಯಲ್ಲಿ, ಒಂದೇ ಒಂದು ತೊದಲಿಲ್ಲದೆ, "ಕಮಾಂಡರ್, ನೀವು ಇದನ್ನ ಹೇಳಲಿಲ್ಲ," ಎಂದರು.

ದುಭಾಷಿಗಳ ಕೈಯಿಂದ ಪೆನ್ನು ಜಾರಿತು.

ಕಮಾಂಡರ್ ಈ ಕಡೆಯ ಭಾಷೆಯಲ್ಲೇ ಉತ್ತರ ಕೊಟ್ಟ. "ನಾನು ಬಂದ ಎರಡು ವರ್ಷದಲ್ಲಿ ಹೇಳಿದ್ದರಲ್ಲಿ ಯಾವುದನ್ನ ಇವರು ಇದ್ದಂತೆ ಹೇಳಿದ್ದಾರೆ, ಮೇಜರ್? ನಿಮ್ಮದೂ ಅದೇ ಕತೆ. ಸೇತುವೆಯಿಂದ ನೂಕ್ತೀನಿ ಅಂದಿದ್ದು ನಂಗೂ ಕೇಳಿಸಿತ್ತು."

"ನಾವು ಹೀಗೆ ಮಾತಾಡೋದು ನಿಯಮಕ್ಕೆ ವಿರುದ್ಧ."

"ಬಾಗಿಲು ಹಾಕಿದೆ. ಜೋರಾಗಿ ಬೈದೆ ಅಂತ ನಾನು ರಾಜಧಾನಿಗೆ ವರದಿ ಕಳಿಸಬೇಕು, ಅದಕ್ಕೆ ಬೈತೀನಿ. ಹಳೇ ಕಮಾಂಡರ್ ಹೋಗೋವಾಗ ಹೇಳಿದ್ರು, ಬಾಯಿಗೆ ಬಂದಿದ್ದು ಬೈಕೋ, ಈ ಮನುಷ್ಯ ಇರೋವರೆಗೂ ಯುದ್ಧ ಆಗಲ್ಲ ಅಂತ."

ದುಭಾಷಿಗಳು ತಲೆ ತಗ್ಗಿಸಿ ಕುಳಿತರು. ಜೈಲಿನ ಬಾಗಿಲು ಕಣ್ಣಿಗೆ ಕಾಣುತ್ತಿತ್ತು. ಮೇಜರ್ ಹಾಳೆ ಹಿಡಿದು ಹರಿಯಲು ಹೋಗಿ, ಅಂಚಿನ ಸಂಖ್ಯೆ ನೋಡಿ ತಡೆದರು.

"ಇದನ್ನ ಹರಿದರೆ ಯಾಕೆ ಹರಿದೆ ಅಂತ ಮೂರು ಪ್ರತಿ ವಿವರಣೆ ಬರೀಬೇಕು."

"ನಮ್ಮಲ್ಲಿ ಐದು ಪ್ರತಿ," ಎಂದ ಕಮಾಂಡರ್. ಹಾಳೆಗೆ ಕೈ ಚಾಚಿದ. "ಪಾಪ, ಅವರಲ್ಲಿ ಒಬ್ಬನಿಗೆ ಮೂರು ದಿನದಿಂದ ಜ್ವರ. ಕೊಡಿ ಇಲ್ಲಿ." ಸಹಿ ಹಾಕಿದ. ಮೇಜರ್ ಅದರ ಕೆಳಗೆ ಹಾಕಿದರು.

ಮಧ್ಯಾಹ್ನ ಏಳು ಜನರೂ ಸೇತುವೆ ದಾಟಿ ಬಂದರು. ಜ್ವರದವನು ಬಾಮೈದನೇ. ಅಕ್ಕ ಅವನ ಕೆನ್ನೆ ಸವರಿ, ಬೆನ್ನಿಗೊಂದು ಗುದ್ದಿ, ಮತ್ತೆ ಅತ್ತಳು. ದುಭಾಷಿಗಳು ದೂರದಿಂದಲೇ ನೋಡಿದರು. ಅಷ್ಟರಲ್ಲಿ ಮೇಜರ್ ಕರೆಸಿದರು.

"ಕೂತ್ಕೊಳ್ಳಿ. ನಡೆದಿದ್ದನ್ನ ನಾನು ಯಾರಿಗೂ ಹೇಳಲ್ಲ," ಎಂದರು ಮೇಜರ್. ದುಭಾಷಿಗಳಿಗೆ ಹೋದ ಜೀವ ಬಂದಂತಾಯಿತು. "ನಿಮ್ಮಂಥವರು ಇಲ್ಲಿ ಇರಬೇಕಾದವರಲ್ಲ. ಉತ್ತರದ ಗಡಿಯಲ್ಲಿ ಎರಡು ತಿಂಗಳಿಂದ ಗುಂಡು ಹಾರ್ತಿದೆ, ಗೊತ್ತಲ್ಲ? ಅಲ್ಲಿಗೆ ಒಬ್ಬ ದುಭಾಷಿ ಬೇಕು ಅಂತ ಕೇಳ್ತಾನೇ ಇದ್ದಾರೆ. ನಿಮ್ಮ ಹೆಸರು ಕಳಿಸಿದೆ, ಫೋನಿನಲ್ಲೇ ಒಪ್ಪಿಗೆ ಆಯ್ತು. ತಗೊಳ್ಳಿ, ವರ್ಗಾವಣೆ ಆದೇಶ. ನಾಳೆ ಬೆಳಿಗ್ಗೆ ರೈಲು."

ದುಭಾಷಿಗಳು ಗಾಬರಿಯಿಂದ ಹಾಳೆ ಎಳೆದುಕೊಂಡು ಬರೆದರು: 'ಸಾರ್, ಆ ಗಡಿಯಾಚೆಯ ಭಾಷೆಯ ಒಂದಕ್ಷರವೂ ನನಗೆ ಬಾರದು.'

"ಪರವಾಗಿಲ್ಲ ಬಿಡಿ," ಎಂದರು ಮೇಜರ್ ಗಂಭೀರವಾಗಿ. "ಅಲ್ಲಿದ್ದ ಹಳೇ ದುಭಾಷಿಗಳಿಗೆ ಅದು ಅರೆದು ಕುಡಿದಷ್ಟು ಚೆನ್ನಾಗಿ ಬರ್ತಿತ್ತು. ಒಂದು ಮಾತು ಬಿಡದೆ ಹೇಳಿದ್ರು. ಅದಕ್ಕೇ ಗುಂಡು ಹಾರಿದ್ದು."

ಹೊರಗೆ ಹೆಂಡತಿ ಕಾಯುತ್ತಿದ್ದಳು. ತಮ್ಮನ ತೋಳು ಬಿಟ್ಟಿರಲಿಲ್ಲ. ಇಪ್ಪತ್ತೊಂದು ವರ್ಷದಲ್ಲಿ ಅವಳ ಮುಖ ಅಷ್ಟು ಅರಳಿದ್ದನ್ನು ದುಭಾಷಿಗಳು ಕಂಡಿರಲಿಲ್ಲ.

"ಕೈಲಿ ಅದೇನ್ರೀ ಕಾಗದ?"

ಅವರು ಆದೇಶವನ್ನು ಮಡಿಸಿ ಜೇಬಿಗೆ ಹಾಕಿಕೊಂಡರು. ಪೆನ್ನು ತೆಗೆದು, ಬಹಳ ಹೊತ್ತು ಯೋಚಿಸಿ, ಅಂಗೈ ಮೇಲೆ ಬರೆದು ತೋರಿಸಿದರು: 'ಬಡ್ತಿ'.

ಅವಳು ಬೀದಿಯುದ್ದಕ್ಕೂ ಅದನ್ನೇ ಕೂಗಿ ಹೇಳುತ್ತಾ ಮುಂದೆ ನಡೆದಳು.